ಅಂಟಿನೊಳಗಿನ ನೀರು

ರಂಜಾನಿನಲ್ಲಿ ನಮ್ಮ ಕ್ಲಿನಿಕ್ಕಿಗೆ ರಾತ್ರಿಯೇ ಹಗಲು.
ಹತ್ತೂವರೆಗೆ ಬಂದಳು ಬದ್ರಿಯಾ,
ಅಬಾಯಾದ ಅಂಚಿಗೆ ಸೊಹಾರಿನ ಧೂಳು,
ಕೈಯಲ್ಲಿ ನಮಗೆಂದು ಖರ್ಜೂರದ ಡಬ್ಬಿ.
ಕುರ್ಚಿ ಹಿಂದಕ್ಕೆ ವಾಲುವ ಮೊದಲೇ ಕೇಳಿದಳು:
"ಇವು ಹೋದರೆ, ಒಳಗೆ ನನ್ನವು ಇವೆಯಲ್ಲ?"

ಎಂಟು. ಮೇಲ್ದವಡೆಗೆ ಎಂಟು ಪಿಂಗಾಣಿ ಹಾಳೆ,
ಉಗುರಿನಷ್ಟು ತೆಳು, ಆಸ್ಪತ್ರೆಯ ಗೋಡೆಗಿಂತ ಬಿಳಿ.
ಮದುವೆಯ ಫೋಟೋಕ್ಕೆಂದು ಒಂಬತ್ತು ವರ್ಷದ ಹಿಂದೆ
ದುಬೈಯಲ್ಲಿ ಯಾರೋ ಕೂರಿಸಿದ್ದು.
ಪುಣ್ಯಕ್ಕೆ ಹಲ್ಲನ್ನು ಸವೆಸಿರಲಿಲ್ಲ, ಹಾಗೇ ಅಂಟಿಸಿದ್ದರು.
ಹಳೆಯ ಕಾಗದ ಓದಿ ಡಾಕ್ಟರ್ ರೀಮ್
ಮೊದಲು ಹೇಳಿದ್ದೇ ಅದು.

ಬುರ್ರೆನ್ನುವ ಬರ್ ಹಿಡಿದರೆ
ಪಿಂಗಾಣಿ ಎಲ್ಲಿ ಮುಗಿಯಿತು, ಹಲ್ಲು ಎಲ್ಲಿ ಶುರು
ಕೈಗೆ ತಿಳಿಯುವುದಿಲ್ಲ. ಎರಡೂ ಬಿಳಿ, ಎರಡೂ ಗಟ್ಟಿ.
ಬಿಳಿಯ ಮೇಲಿನ ಬಿಳಿ ಅಳಿಸಲು ಹೋಗಿ
ಅಡಿಯದನ್ನೂ ತೆಗೆದವರನ್ನು ಕಂಡಿದ್ದೇನೆ.

ಗಂಗೊಳ್ಳಿಯಲ್ಲಿ ಹಲಸು ಬಿಡಿಸಿದ ಒಂದು ದಿನ
ಕೈಗೆ ಹತ್ತಿದ ಮೇಣಕ್ಕೆ ಬೂದಿ ಹಾಕಿ ತಿಕ್ಕಿ ತಿಕ್ಕಿ
ಚರ್ಮ ಕೆಂಪಾಗಿಸಿಕೊಂಡಿದ್ದೆ.
ಸಣ್ಣಮ್ಮ ಎರಡು ಹನಿ ಎಣ್ಣೆ ಸವರಿ ಅಂದಿದ್ದಳು:
"ಮೇಣದ್ ಹತ್ರ ಮಾತಾಡ್ ಹೆಣ್ಣೆ,
ಚರ್ಮದ್ ಹತ್ರ ಜಗಳ ಬ್ಯಾಡ."

ಲೇಸರೂ ಅಷ್ಟೇ.
ಮೂವರಿಗೂ ಕಾವಲಿನ ಕನ್ನಡಕ, ಬಾಗಿಲಿಗೆ ಚಿಲಕ.
ಕಾಣುವ ಕೆಂಪು ಚುಕ್ಕೆ ಬರೀ ದಾರಿ ತೋರುವವನು;
ಕೆಲಸದ ಬೆಳಕು ಕಣ್ಣಿಗೆ ಬೀಳುವುದಿಲ್ಲ.
ಪಿಂಗಾಣಿಯನ್ನು ಕಿಟಕಿಯ ಗಾಜೆಂದೇ ಬಗೆದು ದಾಟಿ
ಅಂಟಿನಲ್ಲಿ ಅಡಗಿದ ನೀರಿನ ಪಸೆಯನ್ನು ಹುಡುಕುತ್ತದೆ.
ಒಂಬತ್ತು ಬೇಸಿಗೆ, ಈ ಮರಳಿನ ಊರಲ್ಲಿ,
ಕಲ್ಲಾದ ಅಂಟಿನೊಳಗೂ ನೀರು!
ಸಿಕ್ಕ ಕ್ಷಣ ಚಟ್, ಚಟ್,
ಮುಚ್ಚಳದಡಿ ಒಗ್ಗರಣೆಯ ಸಾಸಿವೆ.

ನೀರು ಹಾಯಿಸುವುದು, ಹೀರುವುದು ನನ್ನ ಪಾಲು.
ಹಲ್ಲಿನ ನಡುವೆ ಒಂದು ಜೀವವಿದೆ,
ಐದಾರು ಡಿಗ್ರಿ ಬಿಸಿ ಏರಿದರೆ ಅದಕ್ಕೆ ಕೇಡು.
ಇಸ್ತ್ರಿಪೆಟ್ಟಿಗೆಯ ಹಾಗೆ, ನಿಂತಲ್ಲಿ ಸುಡುವ ಬೆಳಕು;
ರೀಮ್‌ಳ ಮಣಿಕಟ್ಟು ಒಂದೆಡೆ ನಿಲ್ಲುವಂತಿಲ್ಲ.
ನಾನು ಮನಸ್ಸಿನಲ್ಲೇ ಎಣಿಸುತ್ತೇನೆ.
ಹದಿನಾಲ್ಕು ವರ್ಷದಲ್ಲಿ ಬೈಗುಳವೂ ಅರಬ್ಬಿಯಾಯಿತು,
ಎಣಿಕೆ ಮಾತ್ರ ಕನ್ನಡದಲ್ಲೇ ಉಳಿದಿದೆ.

ತೊಂಬತ್ತಕ್ಕೆ ಮೊದಲನೆಯದು ಜಾರಿತು.
ಒಡೆಯದೆ, ಮೀನಿನ ಹುರುಪೆಯ ಹಾಗೆ
ಚಿಮಟದ ತುದಿಗೆ ಬಂತು.
ಏಳನೆಯದು ಹಟಮಾರಿ. ಎರಡು ಸಲ ಕೇಳಿಸಿಕೊಂಡು
ಮೂರನೆಯ ಸಲಕ್ಕೆ ಎರಡು ತುಂಡಾಯಿತು.
ರೀಮ್ ಏನೋ ಗೊಣಗಿದಳು,
ಉಪವಾಸದ ತಿಂಗಳಲ್ಲಿ ಆಡಬಾರದ್ದು.

ಉಳಿದ ಅಂಟನ್ನೆಲ್ಲ ಒರೆಸಿ ಕನ್ನಡಿ ಕೊಟ್ಟೆವು.
ಹಳದಿಗೆ ಹತ್ತಿರದ ಹಲ್ಲುಗಳು,
ನಡುವಿನ ಎರಡರ ಮಧ್ಯೆ
ಅಕ್ಕಿಕಾಳು ತೂರುವಷ್ಟು ಸಂದು.
ಅಳುವವರನ್ನು ನೋಡಿದ್ದೇನೆ; ಬದ್ರಿಯಾ ಅಳಲಿಲ್ಲ.
ನಾಲಿಗೆಯ ತುದಿಯನ್ನು ಆ ಸಂದಿಗೆ ಒತ್ತಿ,
ಕೊರಳ ಟವೆಲನ್ನೂ ಬಿಚ್ಚದೆ
ಎದ್ದು ಹೋಗಿ ಚಿಲಕ ತೆಗೆದಳು.

ಹೊರಗೆ ಬೆಂಚಿನ ಮೇಲೆ ನಿದ್ದೆಗಣ್ಣಿನ ಮಯಾರ್.
ಎಂಟು ವರ್ಷ. ಹೊಸ ಹಲ್ಲು ಬಂದಾಗಿನಿಂದ
ಅಂಗೈ ಮುಚ್ಚಿಯೇ ನಗುವವಳು.
ಮನೆಯಲ್ಲಿ ಯಾರಿಗೂ ಇಲ್ಲದ್ದು ನನಗೆ ಎಲ್ಲಿಂದ ಬಂತು
ಎಂದು ತಿಂಗಳುಗಟ್ಟಲೆ ಕೇಳಿದವಳು.
ತಾಯಿ ಬಗ್ಗಿ ಬಾಯಿ ತೆರೆದಳು.
ಹುಡುಗಿ ಬಾವಿ ಇಣುಕುವವರ ಹಾಗೆ ಬಹಳ ಹೊತ್ತು ನೋಡಿ,
ಕಿರುಬೆರಳ ಉಗುರನ್ನು ಅಲ್ಲಿ ತೂರಿಸಿ,
ಗಂಭೀರವಾಗಿ ಹೇಳಿದಳು:
"ನಿನ್ನದು ನನ್ನದಕ್ಕಿಂತ ಸಣ್ಣದು."

ಒಂದು ಗಂಟೆಗೆ ಸ್ಟೆರಿಲೈಸರ್ ಹಾಕಿ,
ತಟ್ಟೆಯಲ್ಲಿ ಏಳು ಇಡೀ ನಗು, ಒಂದು ಮುರಿದದ್ದು,
ಎಲ್ಲವನ್ನೂ ಹಳದಿ ಚೀಲಕ್ಕೆ ಸುರಿದೆ.
ಮಾಸ್ಕ್ ಕಳಚಿ ಅವಳ ಖರ್ಜೂರ ಬಾಯಿಗಿಟ್ಟರೆ
ಮೇಲಿನ ಹಲ್ಲಿಗೆ ಹಿಡಿಯಿತು ಗಟ್ಟಿಯಾಗಿ.
ಬೆರಳು ಹಾಕಲಿಲ್ಲ.
ಒಂದು ಗುಟುಕು ನೀರು ತುಂಬಿಕೊಂಡು
ಸುಮ್ಮನೆ ನಿಂತೆ, ಅದು ತಾನಾಗಿ ಬಿಡಲಿ ಎಂದು.